ಒಂದರಲ್ಲಿ ಕೆಲಸ, ಒಂದರಲ್ಲಿ ದಮ್ಮು

ಮೊನ್ನೆ ಕ್ಯಾಂಟೀನಿನಲ್ಲಿ ನೀನು ಕೇಳಿದಾಗ ನಕ್ಕು ಸುಮ್ಮನಾದೆ. ಕಾಫಿ ಆರುವುದರೊಳಗೆ ಹೇಳಿ ಮುಗಿಸುವ ವಿಷಯ ಅದಲ್ಲ. "ವರ್ಷಕ್ಕೆ ಮೂರು ಸಲ ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು ಅಮ್ಮನ ಚೆಕಪ್ಪಿಗೆ ಓಡ್ತೀಯಲ್ಲ, ನಿಮ್ಮ ಕೇರಳದಲ್ಲಿ ಸರ್ಕಾರಿ ಆಸ್ಪತ್ರೆ ಸೂಪರ್ ಅಂತಾರೆ, ಅವರೇ ನೋಡ್ಕೊಳಲ್ವಾ? ಅಷ್ಟು ವರ್ಷ ಅಲ್ಲೇ ಇದ್ದೂ ನಿಮ್ಮಮ್ಮಂಗೆ ಮಲಯಾಳಂ ಬರಲ್ವಾ?" ಅಂದೆ. ಎರಡು ಪ್ರಶ್ನೆ. ಎರಡನೆಯದಕ್ಕೆ ಮೊದಲು ಹೇಳ್ತೇನೆ.

ಬರ್ತದೆ ಮಾರಾಯ್ತಿ. ಮೀನಿನವನ ಹತ್ತಿರ ಬಂಗುಡೆಗೆ ಚೌಕಾಸಿ ಮಾಡುವಷ್ಟು ಬರ್ತದೆ, ಸ್ಟಾಪಿನಲ್ಲಿ ನಿಲ್ಲಿಸದ ಬಸ್ಸಿನವನಿಗೆ ಬೈಯುವಷ್ಟು ಇನ್ನೂ ಚೆನ್ನಾಗಿ ಬರ್ತದೆ. ಆದರೆ ಅಮ್ಮನಿಗೆ ಕಾಯಿಲೆ ಬರುವುದು ತುಳುವಿನಲ್ಲಿ. ಕಲಿತವರ ಎದುರು ಅದನ್ನು ಹೇಳುವುದು ಕನ್ನಡದಲ್ಲಿ, ಯಾಕೆಂದರೆ ನಾಲ್ಕನೇ ಕ್ಲಾಸಿನವರೆಗೆ ಹೋದದ್ದು ಕನ್ನಡ ಶಾಲೆಗೆ. ಮಲಯಾಳ ಅವಳಿಗೆ ಪೇಟೆಯ ಭಾಷೆ. ಪೇಟೆಯಲ್ಲಿ ನಿಂತು ಯಾರೂ ಮೈಯೊಳಗಿನ ಸಂಕಟ ಹೇಳಿಕೊಳ್ಳುವುದಿಲ್ಲವಲ್ಲ.

"ನೀವು ಅಲ್ಲಿಗೆ ಹೋಗಿ ಸೆಟ್ಲ್ ಆದವರಾ?" ಅಂತಲೂ ಒಮ್ಮೆ ಕೇಳಿದ್ದೆ. ನಾವು ಎಲ್ಲಿಗೂ ಹೋಗಿಲ್ಲ. ಅಜ್ಜಿ ಹುಟ್ಟುವಾಗ ಕಾಸರಗೋಡಿನ ನಮ್ಮ ಮನೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು. 1956ರ ನವೆಂಬರ್ ಒಂದರಂದು, ನೀವು ಬಾವುಟ ಹಾರಿಸುವ ಅದೇ ದಿನ, ಕಾಸರಗೋಡು ಕೇರಳಕ್ಕೆ ಹೋಯಿತು. ಮರುವರ್ಷ ಅಮ್ಮ ಹುಟ್ಟಿದಾಗ ಅದೇ ಮನೆ ಕಣ್ಣೂರು ಜಿಲ್ಲೆಯಲ್ಲಿ. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ್ದು ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಮಾಡಿನ ಹಂಚು ಒಂದೂ ಕದಲಲಿಲ್ಲ, ವಿಳಾಸ ಮಾತ್ರ ಬದಲಾಯಿತು. ಇದನ್ನು ಬೆಂಗಳೂರಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೆಂದರೆ ಈಗ ಮಗ್ಗಿಯ ಹಾಗೆ ತಾನಾಗಿ ಬಾಯಿಗೆ ಬರ್ತದೆ. ಬಿಡು.

ಚೆಕಪ್ ಯಾಕೆ ಅಂದರೆ, ಅಮ್ಮ ದುಡಿದದ್ದು ಗೇರು ತೋಟದಲ್ಲಿ. ಎಂಡೋಸಲ್ಫಾನ್ ಅನ್ನುವ ಕೀಟನಾಶಕ ನಿನಗೂ ಗೊತ್ತಿರಬೇಕು, ಪೇಪರಿನಲ್ಲಿ ಅದಕ್ಕೆ ಬಲಿಯಾದ ಮಕ್ಕಳ ಫೋಟೊ ನೋಡಿರ್ತೀ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಗೇರು ಹೂ ಬಿಡುವ ಕಾಲಕ್ಕೆ ಹೆಲಿಕಾಪ್ಟರ್ ಬಂದು ನಮ್ಮ ಗುಡ್ಡಗಳ ಮೇಲೆ ಮದ್ದು ಬಿಡುತ್ತಿತ್ತು. ಟೀ ಸೊಳ್ಳೆಗೆ ಅಂತ. ಹೆಸರು ಸೊಳ್ಳೆ, ಜಾತಿ ತಿಗಣೆ. ಎಳೆ ಚಿಗುರಿನ, ಹೂಗೊಂಚಲಿನ ರಸ ಹೀರಿ ಕಪ್ಪಾಗಿಸುತ್ತದೆ. ನಾನು 'ಮದ್ದು' ಅಂದೆ ನೋಡು, ನಮ್ಮಲ್ಲಿ ವಿಷಕ್ಕೂ ಔಷಧಿಗೂ ಅದೊಂದೇ ಶಬ್ದ. ಇದೆಲ್ಲ ಕೇರಳದ ಗಲಾಟೆ ಅಂತ ಹೇಳಬೇಡ. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳಿಗೂ ಇದೇ ಮದ್ದು ಬಿಟ್ಟಿದ್ದಾರೆ. ಅದು ನಿಮ್ಮ ಕರ್ನಾಟಕವೇ.

ಆಕಾಶದಿಂದ ಬಿದ್ದದ್ದು ಎಲ್ಲರಿಗೂ ಗೊತ್ತು. ಅದು ಆಕಾಶಕ್ಕೆ ಹೋಗುವ ಮೊದಲು ನೆಲದಲ್ಲಿ ಒಂದು ಟ್ಯಾಂಕಿಯಲ್ಲಿ ಕಲಸಬೇಕಿತ್ತಲ್ಲ, ಅಮ್ಮ ಇದ್ದದ್ದು ಅಲ್ಲಿ. ಬೇಸಗೆಯಲ್ಲಿ ಬೀಜ ಹೆಕ್ಕುವುದು, ಮದ್ದಿನ ದಿನಗಳಲ್ಲಿ ತೋಡಿನಿಂದ, ಅಂದರೆ ಹಳ್ಳದಿಂದ, ಕೊಡದಲ್ಲಿ ನೀರು ಹೊತ್ತು ಟ್ಯಾಂಕಿಗೆ ಸುರಿಯುವುದು. ಕಂದು ಎಣ್ಣೆಯಂಥ ಮದ್ದು ನೀರಿಗೆ ಬಿದ್ದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತಂತೆ. ಕೋಲಿನಿಂದ ತಿರುಗಿಸುವಾಗ ಹಾರಿದ ಹನಿಯನ್ನು ಸೆರಗಿನಲ್ಲಿ ಒರೆಸಿಕೊಳ್ಳುವುದು, ಸಂಜೆ ಅದೇ ತೋಡಿನಲ್ಲಿ ಸೀರೆ ಹಿಂಡುವುದು. ಗ್ಲೌಸು ಇತ್ತಾ ಅಂತ ಕೇಳಿದೆ. "ಬಳೆ ಇತ್ತು" ಅಂದಳು. ನಾನು ಹೊಟ್ಟೆಯಲ್ಲಿದ್ದ ವರ್ಷವೂ ನೀರು ಹೊತ್ತಿದ್ದಾಳೆ. ಆ ಒಂದು ವಿಷಯ ನಾವಿಬ್ಬರೂ ಎತ್ತುವುದಿಲ್ಲ.

ಕೀಟನಾಶಕ ಮುಟ್ಟುವ ಕೆಲಸದವರನ್ನು ಡಾಕ್ಟರಿಗೆ ತೋರಿಸಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಉಂಟು. ಈಚೆಗೆ ಮಾಡಿದ 2020ರ ಕಾರ್ಮಿಕ ಸುರಕ್ಷಾ ಸಂಹಿತೆಯಲ್ಲೂ ನಿಯಮ ಹೇಳಿದ ವರ್ಗದ ನೌಕರರಿಗೆ ಮಾಲೀಕರು ವರ್ಷಕ್ಕೊಮ್ಮೆ ಪುಕ್ಕಟೆ ತಪಾಸಣೆ ಮಾಡಿಸಬೇಕು ಅಂತ ಉಂಟು. ಅದೆಲ್ಲ ಈಗ ಕೆಲಸದಲ್ಲಿ ಇರುವವರಿಗೆ. ಬಿಟ್ಟು ಇಪ್ಪತ್ತೈದು ವರ್ಷವಾದವಳಿಗೆ, ಅದೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ದಿನಗೂಲಿ ತೆಗೆದುಕೊಂಡವಳಿಗೆ, ಯಾವ ಮಾಲೀಕ? ಹಾಗಾಗಿ ನಮಗಿರುವುದು ಕ್ಯಾಂಪು. ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಬಾಧಿತ ಅಂತ 11 ಪಂಚಾಯತು ಗುರುತಿಸಿದ್ದಾರೆ, ಅಲ್ಲಿಯವರನ್ನು ಕ್ಯಾಂಪಿಗೆ ಕರೆದು ನೋಡಿ ಪಟ್ಟಿ ಮಾಡುತ್ತಾರೆ. ಪಟ್ಟಿಗೆ ಹೆಸರು ಬಂದರೆ ಚಿಕಿತ್ಸೆ, ಪಿಂಚಣಿ, ಮತ್ತೆ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ 5 ಲಕ್ಷ. ಬರದಿದ್ದರೆ ನೀನು ಬರೀ ಮುದುಕಿ. ಮುದುಕಿಯರಿಗೆ ಕಾಯಿಲೆ ಬರುವುದು ಮಾಮೂಲಿ ಅಲ್ವಾ.

ಈಗ ನಾನು ಗುದ್ದಾಡುವ ಜಾಗಕ್ಕೆ ಬರ್ತೇನೆ. ನೀನು 'ಒಂದು ಬ್ಲಡ್ ಟೆಸ್ಟ್ ಮಾಡಿಸಿದ್ರಾಯ್ತು' ಅಂದುಕೊಂಡಿರ್ತೀ. ಎಂಡೋಸಲ್ಫಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ಮೈಯಲ್ಲಿ ಹಾಗೆ ಕೂರುವುದಿಲ್ಲ. ಕೆಲವು ವಾರಗಳಲ್ಲಿ ಬಹುಪಾಲು ಹೊರಗೆ ಹೋಗುತ್ತದೆ. ಕಾಲು ಶತಮಾನದ ನಂತರ ರಕ್ತ ತೆಗೆದರೆ ಅಲ್ಲಿ ಏನಿರ್ತದೆ? ಸಕ್ಕರೆ ಕಾಯಿಲೆ ಸಿಗ್ತದೆ. ಮತ್ತೆ ಉಳಿಯುವುದು ಮಾತು ಮಾತ್ರ. ಯಾವ ಕೆಲಸ ಮಾಡಿದ್ದು, ಎಷ್ಟು ವರ್ಷ, ಮೈಗೆ ಬಿದ್ದಿತ್ತಾ, ಈಗ ಏನಾಗ್ತದೆ, ಯಾವಾಗಿನಿಂದ. ಡಾಕ್ಟರು ಕೇಳಬೇಕು, ಅಮ್ಮ ಹೇಳಬೇಕು. ಸ್ಕ್ಯಾನಿಂಗ್ ಮಿಷನ್ ಅದೇ.

ಕೆಲವು ವರ್ಷದ ಹಿಂದೆ ಒಂದು ಕ್ಯಾಂಪು. ಶಾಲೆಯೊಂದರಲ್ಲಿ, ಬೆಂಚುಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿದ್ದರು. ನಾನು ಹೊರಗೆ ರೇಷನ್ ಕಾರ್ಡಿನ ಹೆಸರಿಗೂ ಆಧಾರಿನ ಹೆಸರಿಗೂ ಯಾಕೆ ತಾಳೆಯಿಲ್ಲ ಅಂತ ಒಬ್ಬರಿಗೆ ವಿವರಿಸುತ್ತಿದ್ದೆ (ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಇಳಿದರೆ ಏನಾಗ್ತದೆ ಅನ್ನುವುದು ಬೇರೆಯೇ ಪುರಾಣ). ಅಮ್ಮ ಒಬ್ಬಳೇ ಒಳಗೆ. ಡಾಕ್ಟರು ತೆಂಕಣ ಜಿಲ್ಲೆಯ ಹುಡುಗ, ಬೆಳಗ್ಗಿನಿಂದ ನೂರು ಜನರನ್ನು ನೋಡಿರಬೇಕು. ಆದರೂ ಮರ್ಯಾದೆಯಿಂದ ಕೇಳಿದ್ದಾನೆ, "ಶ್ವಾಸಂ ಮುಟ್ಟಲುಂಡೋ ಅಮ್ಮೇ?"

ಮಲಯಾಳದಲ್ಲಿ ಶ್ವಾಸಂ ಮುಟ್ಟಲ್ ಅಂದರೆ ಉಸಿರು ಕಟ್ಟುವುದು, ನಮ್ಮ ದಮ್ಮು. ಮೂತಿಗೆ ಮಾಸ್ಕು, ಮೇಲೆ ಫ್ಯಾನಿನ ಗಡಗಡ. ಅಮ್ಮನಿಗೆ ಕೇಳಿಸಿದ್ದು ಕೊನೆಯ ಅರ್ಧ ಮಾತ್ರ: ಮುಟ್ಟಲುಂಡೋ. ಮುಟ್ಟು ಉಂಟೋ! ಅರವತ್ತು ದಾಟಿದ ಹೆಂಗಸಿಗೆ, ಮಗನ ಪ್ರಾಯದವನು. ತಲೆ ತಗ್ಗಿಸಿ ತುಳುವಿನಲ್ಲಿ ಅಂದಳಂತೆ, "ಇಜ್ಜಿ ಮಗಾ, ಅವು ಉಂತ್‌ದ್ ಏತೋ ವರ್ಷ ಆಂಡ್." ಇಲ್ಲ ಮಗ, ಅದು ನಿಂತು ಎಷ್ಟೋ ವರ್ಷವಾಯಿತು. ಪಕ್ಕದಲ್ಲಿದ್ದ ಸಹಾಯಕಿಗೆ ತುಳು ಬರುತ್ತಿತ್ತು. ಪಾಪ, ಅವಳು ಒಂದಕ್ಷರ ತಪ್ಪದೆ ಮಲಯಾಳಕ್ಕೆ ಹೇಳಿದಳು: ಇಲ್ಲ, ನಿಂತು ಎಷ್ಟೋ ವರ್ಷ ಆಯಿತಂತೆ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದ: ಉಸಿರಾಟದ ತೊಂದರೆ ಹಿಂದೆ ಇತ್ತು, ವರ್ಷಗಳ ಹಿಂದೆಯೇ ಗುಣವಾಗಿದೆ.

ಮೂವರೂ ಸುಳ್ಳು ಹೇಳಲಿಲ್ಲ.

ನನಗೆ ಗೊತ್ತಾದದ್ದು ವಾಪಸು ಬರುವಾಗ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಆ ಹುಡುಗನಿಗೆ ನಾಚಿಕೆ ಅನ್ನುವುದು ಇಲ್ಲವಾ, ಮುಟ್ಟಿನ ವಿಷಯ ಕೇಳುವುದಾ" ಅಂತ ಗೊಣಗಿದಳು. ನಾನು ಕಾಗದ ತೆಗೆದು ನೋಡಿದೆ. ನಗು ಬಂತು, ನಿಜ ಹೇಳ್ತೇನೆ, ಮೊದಲು ಬಂದದ್ದು ನಗುವೇ. ಇಳಿದ ಮೇಲೆ ಮನೆಗೆ ಗುಡ್ಡ ಹತ್ತಬೇಕು. ಹಲಸಿನ ಮರದ ಬುಡದಲ್ಲಿ ಅಮ್ಮ ಯಾವತ್ತಿನ ಹಾಗೆ ಕೂತಳು, ಎರಡೂ ಅಂಗೈ ಮೊಣಕಾಲಿಗೆ ಊರಿ, ಬಾಯಿ ತೆರೆದು. ಆಗ ನಗು ಹೋಯಿತು.

ತಿದ್ದಿಸಬಹುದಲ್ವಾ ಅಂತ ಕೇಳ್ತೀ. ಬರೆದ ಡಾಕ್ಟರೇ ತಿದ್ದಬೇಕು, ಅವನಿಗೆ ವರ್ಗವಾಗಿತ್ತು. ಮುಂದಿನ ಸಲದವರು ಹಿಂದಿನ ಕಾಗದ ನೋಡಿ ಶುರು ಮಾಡ್ತಾರೆ: ಗುಣವಾಗಿದೆಯಲ್ಲ.

ಸರಿ, ಬೇರೆ ಪುರಾವೆ ತರುವ ಅಂತ ಮಂಗಳೂರಿಗೆ ಕರೆದುಕೊಂಡು ಹೋದೆ. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಹಿಂದಿನಿಂದಲೂ ಮಂಗಳೂರೇ. ತಿರುವನಂತಪುರ ರೈಲಿನಲ್ಲಿ ಒಂದು ರಾತ್ರಿಯ ದಾರಿ, ಮಂಗಳೂರು ಊಟದ ಹೊತ್ತಿಗೆ ಹೋಗಿ ಬರುವ ಊರು. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದರಲ್ಲ, ಆಗ ನಮ್ಮ ರೋಗಿಗಳು ದಾರಿಯಲ್ಲೇ ಸತ್ತರು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕನ್ನಡದವರೇ ಕನ್ನಡದವರಿಗೆ ಮಣ್ಣು ಹಾಕಿದ್ದು ಅಂತ ಅಮ್ಮ ಈಗಲೂ ಹೇಳ್ತಾಳೆ. ಅದಿರಲಿ. ಮಂಗಳೂರಿನ ಡಾಕ್ಟರು ತುಳುವಿನಲ್ಲೇ ಮಾತಾಡಿಸಿದರು. ಅಮ್ಮ ಅರಳಿಬಿಟ್ಟಳು. ದಮ್ಮು ಹೇಳಿದಳು, ರಾತ್ರಿ ಎದ್ದು ಕೂರುವುದು ಹೇಳಿದಳು, ಕೈ ನಡುಗುವುದು ಹೇಳಿದಳು. ಕೊಳವೆಗೆ ಊದಿಸಿ ಶ್ವಾಸಕೋಶದ ಬಲ ನೋಡಿದರು, ಎಕ್ಸ್‌ರೇ ತೆಗೆದರು, ಎಲ್ಲ ಸೊಗಸಾಗಿ ಬರೆದರು. ಮನೆಗೆ ಬಂದು ಓದುತ್ತೇನೆ, ಉದ್ಯೋಗ: ಗೃಹಿಣಿ.

"ಏನು ಕೆಲಸ ಮಾಡ್ತೀರಿ ಅಂತ ಕೇಳಿದರು, ಈಗ ಮನೆಯಲ್ಲೇ ಅಂದೆ. ಸುಳ್ಳಾ?" ಅಂದಳು ಅಮ್ಮ.

ಈಗ ಫೈಲಿನಲ್ಲಿ ಎರಡು ಕಾಗದ ಉಂಟು. ಕ್ಯಾಂಪಿನ ಕಾಗದದಲ್ಲಿ ಗೇರು ತೋಟದ ಕೂಲಿ ಅಂತ ಉಂಟು, ದಮ್ಮು ಇಲ್ಲ. ಮಂಗಳೂರಿನ ಕಾಗದದಲ್ಲಿ ದಮ್ಮು ಉಂಟು, ತೋಟ ಇಲ್ಲ. ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟರೆ, ಇದು ಬೇರೆ ರಾಜ್ಯದ ಚೀಟಿ ಅಂತ ಬದಿಗೆ ಸರಿಸುತ್ತಾರೆ. ದಮ್ಮಿಗೂ ಆ ಮದ್ದಿಗೂ ಸಂಬಂಧ ಉಂಟೇ ಅಂತ ನನಗೇನು ಗೊತ್ತು? ಐವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದವಳು ಕೂಡಾ ಅವಳೇ. ಅದು ಕಲಿತವರು ಹೇಳಬೇಕಾದ ಮಾತು. ಆದರೆ ಸಂಬಂಧ ಇಲ್ಲ ಅನ್ನುವುದಕ್ಕಾದರೂ ಮೊದಲು ಒಂದೇ ಹೆಂಗಸು ಒಂದೇ ಕಾಗದದಲ್ಲಿ ಕಾಣಬೇಕಲ್ಲ!

ಕಾಗದ ಸರಿ ಮಾಡಿಕೊಡಿ ಅಂತ ಅರ್ಜಿಯೂ ಹಾಕಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ನಾವು ಕನ್ನಡ ಅಲ್ಪಸಂಖ್ಯಾತರು ಕಾಸರಗೋಡಿನ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅಮ್ಮನ ಕೈಯಲ್ಲೇ ಬರೆಸಿದೆ, ನಾಲ್ಕನೇ ಕ್ಲಾಸಿನ ಗುಂಡು ಅಕ್ಷರ. ಮೂರು ತಿಂಗಳ ಮೇಲೆ ಉತ್ತರ ಬಂತು. ಮಲಯಾಳದಲ್ಲಿ. ನಿಮ್ಮ ಅರ್ಜಿಯನ್ನು ಅನುವಾದಕ್ಕೆ ಕಳುಹಿಸಲಾಗಿದೆ ಅಂತ.

ಇಷ್ಟು ಓದಿ ನೀನು 'ಛೆ, ಮಲಯಾಳಿಗಳು ಹೀಗಾ' ಅಂತ ಶುರು ಮಾಡಬೇಡ, ನನಗೆ ಸಿಟ್ಟು ಬರ್ತದೆ. ಈ ಮದ್ದು ನಿಲ್ಲಿಸಲು ಕೋರ್ಟು ಹತ್ತಿದವರಲ್ಲಿ ಮೊದಲಿನವರು ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯಲ್ಲಿದ್ದ ಮಲಯಾಳಿ ಹೆಂಗಸು. ಇತ್ತ ಎಣ್ಮಕಜೆಯ ಪಡ್ರೆಯಲ್ಲಿ ಒಂದೇ ಊರಿಗೆ ಇಷ್ಟು ಕಾಯಿಲೆ ಯಾಕೆ ಅಂತ ತೊಂಬತ್ತರ ದಶಕದಲ್ಲೇ ಕೇಳಿದವರು ವಾಣಿನಗರದ ಡಾ. ವೈ.ಎಸ್. ಮೋಹನಕುಮಾರ್. ದೊಡ್ಡ ಸಂಸ್ಥೆಗಳೆಲ್ಲ ಬಂದದ್ದು ಆಮೇಲೆ. ಅವರ ಹತ್ತಿರ ಭಾರಿ ಮಿಷನ್ ಏನಿತ್ತು? ಸಣ್ಣ ಕ್ಲಿನಿಕ್ಕು, ಅದೇ ಊರಿನ ರೋಗಿಗಳು, ಅವರ ಬಾಯಿಮಾತು. ನಮ್ಮ ಆಶಾ ಕಾರ್ಯಕರ್ತೆಯೂ ಮಲಯಾಳಿಯೇ. ಕ್ಯಾಂಪಿನ ದಿನ ಬೆಳಗ್ಗೆ ಆರಕ್ಕೆ ಅಮ್ಮನಿಗೆ ಫೋನು ಮಾಡಿ ಎಬ್ಬಿಸುವವಳು ಅವಳು, ನಾನಲ್ಲ.

'ಹಾಗಾದರೆ ಕರ್ನಾಟಕಕ್ಕೇ ಬಂದುಬಿಡಿ' ಅಂತ ಮಾತ್ರ ಹೇಳಬೇಡ. ಹಲಸಿನ ಮರವನ್ನು ಎಲ್ಲಿಗೆ ತರಲಿ?

ನಾನು ಮಾಡಬಹುದಾದದ್ದು ಮಾಡಿದ್ದೇನೆ. ಫೈಲಿನ ಮೊದಲ ಪುಟದಲ್ಲಿ ಒಂದು ಹಾಳೆ ಅಂಟಿಸಿದ್ದೇನೆ: ಎಷ್ಟನೇ ಇಸವಿಯಿಂದ ಎಷ್ಟರವರೆಗೆ, ಯಾವ ಕೆಲಸ, ಮೈಗೆ ಬಿದ್ದದ್ದು, ದಮ್ಮು ಶುರುವಾದದ್ದು. ಮಲಯಾಳದಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಯಾರಾದರೂ ಓದಿದರೆ ಉಂಟು. ಓದದಿದ್ದರೆ ಬಾಯಲ್ಲಾದರೂ ಹೇಳಲಿ ಅಂತ ಕಳೆದ ಸಲ ಊರಿಗೆ ಹೋದಾಗ ಅಮ್ಮನಿಗೆ ಪಾಠ ಮಾಡಿದೆ. ಶ್ವಾಸಂ ಮುಟ್ಟಲುಂಡ್, ಅಷ್ಟೇ, ಎರಡು ಶಬ್ದ. ಮೊದಲನೆಯದು ಸಲೀಸಾಗಿ ಹೇಳಿದಳು. ಎರಡನೆಯದಕ್ಕೆ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಎದ್ದು ಹೋದಳು.

"ಗಂಡಸರ ಎದುರು ಆ ಶಬ್ದ ನನ್ನ ಬಾಯಲ್ಲಿ ಬಾರದು. ನೀನೇ ಬಂದು ಹೇಳು."

ಬರುವ ಗುರುವಾರ ಕ್ಯಾಂಪು. ಎರಡು ದಿನದ ರಜೆ ಸಿಕ್ಕಿದೆ. ಶುಕ್ರವಾರದ ಮೀಟಿಂಗ್ ನೀನು ನೋಡಿಕೋ.