ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನಲ್ಲಿ ಮೌತ್ ಆರ್ಗನ್ ಅಂದರೆ ಎಲ್ಲರೂ ಲಿಟಲ್ ವಾಲ್ಟರ್ ಹೆಸರನ್ನೇ ಯಾಕೆ ಹೇಳುತ್ತಾರೆ?

ಯಾಕೆಂದರೆ ಆ ವಾದ್ಯದ ದನಿಯನ್ನೇ ಬದಲಾಯಿಸಿದವರು ಅವರು.

ಹುಟ್ಟಿದ್ದು ಅಮೆರಿಕದ ಲೂಸಿಯಾನಾದಲ್ಲಿ. ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು, ಊರೂರು ಅಲೆದು, 1940ರ ದಶಕದ ನಡುವೆ ಶಿಕಾಗೋಗೆ ಬಂದು ಮ್ಯಾಕ್ಸ್‌ವೆಲ್ ಬೀದಿಯ ಸಂತೆಯಲ್ಲಿ ನುಡಿಸುತ್ತಿದ್ದರು. ಆಮೇಲೆ ಬ್ಲೂಸ್ ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ಅವರ ತಂಡ ಸೇರಿದರು. ಎಲೆಕ್ಟ್ರಿಕ್ ಗಿಟಾರಿನ ಅಬ್ಬರದಲ್ಲಿ ಅಂಗೈಯಗಲದ ಮೌತ್ ಆರ್ಗನ್ ಯಾರಿಗೆ ಕೇಳಿಸಬೇಕು ಹೇಳಿ? ವಾಲ್ಟರ್ ಒಂದು ಅಗ್ಗದ ಮೈಕನ್ನು ವಾದ್ಯದ ಜೊತೆಗೇ ಎರಡೂ ಕೈಯೊಳಗೆ ಬಿಗಿಯಾಗಿ ಮುಚ್ಚಿ ಹಿಡಿದು, ಆಂಪ್ಲಿಫೈಯರಿಗೆ ಜೋಡಿಸಿ, ದನಿ ಒಡೆಯುವಷ್ಟು ಜೋರು ಮಾಡಿದರು. ಆ ಒಡಕೇ ಅವರ ಸೊಗಸು. ಸ್ಯಾಕ್ಸೊಫೋನಿನಷ್ಟು ದಪ್ಪ ದನಿ, ಅಲ್ವಾ!

1952ರ ‘ಜೂಕ್’ ಕೇಳಿ ನೋಡಿ. ಹಾಡಿನ ಸಾಲೇ ಇಲ್ಲ, ಬರೀ ನುಡಿಸುವಿಕೆ. ಆದರೂ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8 ವಾರ ಮೊದಲ ಸ್ಥಾನದಲ್ಲಿತ್ತು. 1955ರಲ್ಲಿ ‘ಮೈ ಬೇಬ್’ ಕೂಡ ಅಲ್ಲಿಗೇ ಏರಿತು, ಇದರಲ್ಲಿ ಅವರು ಹಾಡಿದ್ದಾರೆ ಕೂಡ.

ಮುಂದೆ ಕುಡಿತ, ಮುಂಗೋಪ ಜಾಸ್ತಿಯಾಯಿತು. 1968ರ ಫೆಬ್ರವರಿಯಲ್ಲಿ ಒಂದು ಹೊಡೆದಾಟದ ನಂತರ ನಿದ್ದೆಯಲ್ಲೇ ತೀರಿಕೊಂಡರು. ನಲವತ್ತೂ ಆಗಿರಲಿಲ್ಲ, ನೆನೆದರೆ ಈಗಲೂ ಸಂಕಟವಾಗುತ್ತದೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿದ್ದು 2008ರಲ್ಲಿ.