ಸೈಟ್ ಅಗ್ರಿಮೆಂಟ್ ದಾವೆ: ವಾದಿಯ ವಕೀಲರು ವಿಚಾರಣೆಗೆ ಹೇಗೆ ತಯಾರಾಗಬೇಕು?

ಮಾರಾಟಗಾರರು ಅಡ್ವಾನ್ಸ್ ತೆಗೆದುಕೊಂಡು ಕ್ರಯಪತ್ರ ಮಾಡಿಕೊಡುತ್ತಿಲ್ಲ, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ವಾದಿಯ ಪರ ಇದು ನನ್ನ ಮೊದಲ ದಾವೆ ಎಂದು ಕೇಳಿದ್ದೀರಿ.

ಮೊದಲು ಅಗ್ರಿಮೆಂಟಿನ ಛಾಪಾ ಕಾಗದ ನೋಡಿ. ಸ್ಟಾಂಪ್ ಡ್ಯೂಟಿ ಕಮ್ಮಿ ಇದ್ದರೆ ಅಗ್ರಿಮೆಂಟನ್ನು ಸಾಕ್ಷ್ಯವಾಗಿ ಗುರುತು ಮಾಡಿಸುವಾಗಲೇ ಎದುರು ವಕೀಲರು ತಕರಾರು ಎತ್ತುತ್ತಾರೆ. ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಬಾಕಿ ಸುಂಕ ಮತ್ತು ಅದರ 10 ಪಟ್ಟು ದಂಡ ಕಟ್ಟಬೇಕು. ಕಕ್ಷಿದಾರರಿಗೆ ಮೊದಲೇ ಹೇಳಿಬಿಡಿ, ದುಡ್ಡು ಹೊಂದಿಸಲು ಟೈಮ್ ಬೇಕಲ್ವಾ.

ನನ್ನ ಪ್ರಕಾರ ನಿಜವಾದ ಪರೀಕ್ಷೆ ಪಾಟೀ ಸವಾಲಿನಲ್ಲಿ, ಅಂದರೆ ಎದುರು ವಕೀಲರು ವಾದಿಯನ್ನು ಪ್ರಶ್ನಿಸುವಾಗ. "ಬಾಕಿ ಹಣ ಆಗ ನಿಮ್ಮ ಹತ್ತಿರ ಇತ್ತಾ?" ಎಂದಾಗ ವಾದಿ ತಡವರಿಸಿದರೆ ಕಷ್ಟ. ಕೊಳ್ಳಲು ತಾನು ಸದಾ ಸಿದ್ಧನಿದ್ದೆ ಎಂದು ವಾದಿಯೇ ರುಜುವಾತು ಮಾಡಬೇಕು. ಸುಮ್ನೆ ಅಫಿಡವಿಟ್‌ನಲ್ಲಿ ಬರೆದರೆ ಸಾಲದು. ಬಾಕಿ ಹಣ ಕೊಡಬೇಕಿದ್ದ ತಿಂಗಳುಗಳ ಪಾಸ್‌ಬುಕ್, ಸಾಲ ಮಂಜೂರಾದ ಪತ್ರ, ಲೀಗಲ್ ನೋಟಿಸ್, ಅದರ ಅಂಚೆ ರಸೀದಿ, ಎಲ್ಲವನ್ನೂ ಮುಖ್ಯ ವಿಚಾರಣೆಯಲ್ಲೇ, ಅಂದರೆ ನಿಮ್ಮ ಕಡೆಯಿಂದ ವಾದಿಯ ಸಾಕ್ಷ್ಯ ಕೊಡಿಸುವಾಗಲೇ, ಗುರುತು ಮಾಡಿಸಿ.

ವಾಟ್ಸ್‌ಆ್ಯಪ್ ಮೆಸೇಜಿನ ಪ್ರಿಂಟ್ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಸರ್ಟಿಫಿಕೇಟ್ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ದೃಢೀಕರಣ) ಜೊತೆಗಿರಲಿ.

ವಾದಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಬೇಡಿ. ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಕೂರಿಸಿಕೊಂಡು ಪೂರ್ತಿ ಓದಿಸಿ.