200 ದೀಪ ಹಚ್ಚಿದರೆ ಗೇಮ್ ಯಾಕೆ ಕುಂಟುತ್ತದೆ?

ಪ್ರಶ್ನೆ: ನಾನೊಂದು ಗೇಮ್ ಮಾಡುತ್ತಿದ್ದೇನೆ, ಎಂಜಿನ್ ಕೂಡ ನನ್ನದೇ. ಕಥೆ ನಡೆಯುವುದು ದೊಡ್ಡದೊಂದು ನೆಲಮಾಳಿಗೆಯಲ್ಲಿ, ಗೋಡೆ ತುಂಬ ಪಂಜುಗಳು. ಡಿಫರ್ಡ್ ರೆಂಡರಿಂಗ್ (ಮೊದಲು ಮೇಲ್ಮೈಗಳ ವಿವರ ಬರೆದಿಟ್ಟು, ಬೆಳಕನ್ನು ಆಮೇಲೆ ಲೆಕ್ಕ ಹಾಕುವ ರೀತಿ) ಆದರೆ ಎಷ್ಟು ಲೈಟ್ ಬೇಕಾದರೂ ಹಾಕಬಹುದು ಅಂತ ಓದಿ ಅದನ್ನೇ ಹಿಡಿದೆ. 20 ಪಾಯಿಂಟ್ ಲೈಟ್ (ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಬೆಳಕು ಹರಡುವ ದೀಪ) ಇದ್ದಾಗ ಸಲೀಸಾಗಿ ಓಡುತ್ತಿತ್ತು. 200ಕ್ಕೆ ಏರಿಸಿದ ಮೇಲೆ ಬೆಳಕಿನ ಹಂತವೊಂದೇ 30 ಮಿಲಿಸೆಕೆಂಡ್ ತಿನ್ನುತ್ತಿದೆ. ಪ್ರತಿ ಲೈಟ್‌ಗೂ ಅದರ ಬೆಳಕು ತಲುಪುವಷ್ಟು ದೊಡ್ಡ ಒಂದು ಗೋಳ ಬರೆದು, ಬಂದ ಬೆಳಕನ್ನು ಹಿಂದಿನದಕ್ಕೆ ಕೂಡಿಸುತ್ತಾ ಹೋಗುತ್ತೇನೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಓದಿದ್ದು ಅರ್ಧ ನಿಜ. ದೃಶ್ಯದಲ್ಲಿ ಎಷ್ಟು ವಸ್ತು ಇದೆ ಅನ್ನುವುದಕ್ಕೂ ಎಷ್ಟು ದೀಪ ಇದೆ ಅನ್ನುವುದಕ್ಕೂ ಇದ್ದ ಗುಣಾಕಾರವನ್ನು ಡಿಫರ್ಡ್ ತಪ್ಪಿಸುತ್ತದೆ, ಅಷ್ಟೇ. ಒಂದೊಂದು ದೀಪವೂ ಪರದೆಯ ಮೇಲೆ ಎಷ್ಟು ಪಿಕ್ಸೆಲ್ ಮುಟ್ಟುತ್ತದೋ ಅಷ್ಟರ ಬೆಲೆ ತೆರಲೇಬೇಕು.

ಲೆಕ್ಕ ಹಾಕಿ ನೋಡೋಣ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ಮೇಲ್ಮೈಗಳ ವಿವರ ಬರೆದಿಡುವ ಜಿ-ಬಫರ್‌ನಲ್ಲಿ ಬಣ್ಣ, ನಾರ್ಮಲ್ (ಮೇಲ್ಮೈ ಮುಖ ಮಾಡಿರುವ ದಿಕ್ಕು), ಒರಟುತನ, ಡೆಪ್ತ್ (ಕ್ಯಾಮೆರಾದಿಂದ ಇರುವ ದೂರ) ಎಲ್ಲ ಸೇರಿ ಪಿಕ್ಸೆಲ್‌ಗೆ 20 ಬೈಟ್ ಅಂದುಕೊಳ್ಳಿ, ಇಡೀ ಪರದೆಯನ್ನು ಒಂದು ಸಲ ಓದಿದರೆ 41 ಎಂಬಿ ಆಯಿತು. 200 ಗೋಳಗಳೂ ಪರದೆ ತುಂಬಿದ್ದರೆ ಒಂದು ಫ್ರೇಮ್‌ಗೆ 8 ಜಿಬಿಗಿಂತ ಜಾಸ್ತಿ, ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಹತ್ತಿರ ಹತ್ತಿರ 500 ಜಿಬಿ. ಕ್ಯಾಶ್ ಒಂದಷ್ಟು ಉಳಿಸಿಕೊಟ್ಟರೂ ಇದು ಭಾರಿ ಹೊರೆ. ಬೆಳಕು ಕೂಡಿಸುವಾಗ ಹಳೆಯದನ್ನು ಓದಿ ಹೊಸದನ್ನು ಬರೆಯುವ ಖರ್ಚು ಬೇರೆ ಇದೆ.

ಏನನ್ನಾದರೂ ತಿದ್ದುವ ಮೊದಲು ಒಂದು ಪರೀಕ್ಷೆ ಮಾಡಿ. ಪರದೆಯ ಉದ್ದ ಅಗಲ ಎರಡನ್ನೂ ಅರ್ಧಕ್ಕೆ ಇಳಿಸಿ, ಜಿಪಿಯು (ಗ್ರಾಫಿಕ್ಸ್ ಚಿಪ್) ಟೈಮರ್‌ನಲ್ಲಿ ಬೆಳಕಿನ ಹಂತ ಅಳೆಯಿರಿ. ಸಮಯ ಕಾಲು ಭಾಗದ ಹತ್ತಿರ ಬಂದರೆ ಕಾರಣ ಪಿಕ್ಸೆಲ್ ಕೆಲಸವೇ. ಇಳಿಯದಿದ್ದರೆ ಬೇರೆ ಕಡೆ ಹುಡುಕಬೇಕು.

ನನ್ನ ಅನುಮಾನ ಇರುವುದು ನಿಮ್ಮ ದೀಪಗಳ ವ್ಯಾಪ್ತಿಯ ಮೇಲೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ, ಆದರೆ ಪೂರ್ತಿ ಸೊನ್ನೆ ಆಗುವುದೇ ಇಲ್ಲ. ಅಂಚಿನಲ್ಲಿ ಗೆರೆ ಕಾಣಬಾರದು ಅಂತ ಎಲ್ಲರೂ ವ್ಯಾಪ್ತಿಯನ್ನು ದೊಡ್ಡದಾಗಿ ಇಡುತ್ತಾರೆ, ಕೊನೆಗೆ ಕ್ಯಾಮೆರಾ ಎಲ್ಲ ಗೋಳಗಳ ಒಳಗೇ ನಿಂತಿರುತ್ತದೆ. ಇದಕ್ಕೆ ಒಳ್ಳೆಯ ಉಪಾಯವಿದೆ. ದೂರವನ್ನು ವ್ಯಾಪ್ತಿಯಿಂದ ಭಾಗಿಸಿ, ಅದರ ನಾಲ್ಕನೇ ಘಾತವನ್ನು 1ರಿಂದ ಕಳೆಯಿರಿ, ಸೊನ್ನೆಗಿಂತ ಕೆಳಗೆ ಹೋಗದಂತೆ ತಡೆಯಿರಿ, ಬಂದದ್ದನ್ನು ವರ್ಗ ಮಾಡಿ ಬೆಳಕಿಗೆ ಗುಣಿಸಿ. ದೀಪದ ಹತ್ತಿರ ಏನೂ ಬದಲಾಗಲ್ಲ, ಅಂಚಿನಲ್ಲಿ ಮೆತ್ತಗೆ ಸೊನ್ನೆಗೆ ಇಳಿಯುತ್ತದೆ. ಆಮೇಲೆ ವ್ಯಾಪ್ತಿಯನ್ನು ಧೈರ್ಯವಾಗಿ ಅರ್ಧ ಮಾಡಬಹುದು. ಅರ್ಧ ಮಾಡಿದರೆ ದೂರದ ಗೋಳವೊಂದು ಪರದೆಯ ಮೇಲೆ ಮುಟ್ಟುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಹೊಸ ತಂತ್ರಕ್ಕೆ ಕೈ ಹಾಕುವ ಮೊದಲು ಇದನ್ನು ಮಾಡಿ ಅಂತ ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಯಾವ ತಂತ್ರವೂ ಅತಿ ದೊಡ್ಡ ವ್ಯಾಪ್ತಿಯನ್ನು ಸರಿಮಾಡಲಾರದು.

ಇಷ್ಟಾದ ಮೇಲೂ ಸಾಲದಿದ್ದರೆ ಲೂಪನ್ನೇ ತಿರುಗಿಸಿ. ಈಗ ನೀವು ಒಂದು ದೀಪ ಹಿಡಿದು ಪಿಕ್ಸೆಲ್‌ಗಳ ಹತ್ತಿರ ಹೋಗುತ್ತಿದ್ದೀರಿ ಅಲ್ವಾ? ಪಿಕ್ಸೆಲ್ ಹಿಡಿದು ದೀಪಗಳನ್ನು ಕರೆಯಿರಿ. ಪರದೆಯನ್ನು 16×16 ಪಿಕ್ಸೆಲ್‌ನ ಟೈಲ್‌ಗಳಾಗಿ ಕತ್ತರಿಸಿದರೆ 120×68, ಅಂದರೆ 8,160 ಟೈಲ್ ಆಗುತ್ತವೆ. ಒಂದು ಟೈಲ್‌ಗೆ ಕಂಪ್ಯೂಟ್ ಶೇಡರ್‌ನ (ಜಿಪಿಯು ಮೇಲೆ ಓಡುವ ಲೆಕ್ಕದ ಪ್ರೋಗ್ರಾಂ) ಒಂದು ಗುಂಪು, ಅದರಲ್ಲಿ 256 ಥ್ರೆಡ್, ಅಂದರೆ ಪಿಕ್ಸೆಲ್‌ಗೊಬ್ಬ ಕೆಲಸಗಾರ. ಮೊದಲು ಎಲ್ಲ ಥ್ರೆಡ್‌ಗಳೂ ಸೇರಿ ಆ ಟೈಲ್‌ನ ಅತಿ ಹತ್ತಿರದ ಮತ್ತು ಅತಿ ದೂರದ ಡೆಪ್ತ್ ಕಂಡುಕೊಳ್ಳುತ್ತವೆ. ಆಮೇಲೆ ಒಂದೊಂದು ಥ್ರೆಡ್ ಒಂದೊಂದು ದೀಪವನ್ನು ಟೈಲ್‌ನ ಎಲ್ಲೆಯ ಜೊತೆ ಹೋಲಿಸುತ್ತದೆ, ನಿಮ್ಮ 200 ದೀಪ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ತಾಗಿದ ದೀಪಗಳ ಪಟ್ಟಿ ಗುಂಪಿನ ಹಂಚಿಕೆಯ ಮೆಮೊರಿಯಲ್ಲಿ ಕೂರುತ್ತದೆ. ಕೊನೆಗೆ ಪ್ರತಿ ಪಿಕ್ಸೆಲ್ ಜಿ-ಬಫರನ್ನು ಒಂದೇ ಸಲ ಓದಿ, ಆ ಪಟ್ಟಿಯ ದೀಪಗಳನ್ನು ಮಾತ್ರ ಸುತ್ತಿ, ಉತ್ತರವನ್ನು ಒಂದೇ ಸಲ ಬರೆಯುತ್ತದೆ. ಹಂತಗಳ ನಡುವೆ ಬ್ಯಾರಿಯರ್, ಅಂದರೆ ಎಲ್ಲ ಥ್ರೆಡ್‌ಗಳೂ ಬಂದು ಸೇರುವವರೆಗೆ ಕಾಯಿಸುವ ಆದೇಶ, ಮರೆಯಬೇಡಿ. ಮರೆತರೆ ಕೆಲವು ಟೈಲ್‌ಗಳು ಮಿನುಗತೊಡಗುತ್ತವೆ, ಕಾರಣ ಹುಡುಕುವುದು ಕಷ್ಟ.

ಒಂದು ತೊಂದರೆ ಮಾತ್ರ ಉಳಿಯುತ್ತದೆ. ಒಂದೇ ಟೈಲ್‌ನಲ್ಲಿ ಮುಂದೆ ಕಂಬದ ಅಂಚು, ಹಿಂದೆ ದೂರದ ಗೋಡೆ ಇದ್ದರೆ, ನಡುವಿನ ಖಾಲಿ ಗಾಳಿಯಲ್ಲಿರುವ ದೀಪಗಳೂ ಪಟ್ಟಿಗೆ ಬಂದುಬಿಡುತ್ತವೆ. ಸಂಶೋಧಕರಾದ ಓಲಾ ಓಲ್ಸನ್, ಮಾರ್ಕಸ್ ಬಿಲ್ಲೆಟರ್, ಉಲ್ಫ್ ಅಸ್ಸರ್ಸನ್ 2012ರಲ್ಲಿ ಮುಂದಿಟ್ಟ ಕ್ಲಸ್ಟರ್ಡ್ ಶೇಡಿಂಗ್ ಇದಕ್ಕೇ ಇರುವುದು. ಅದರಲ್ಲಿ ಆಳವನ್ನೂ ತುಂಡು ಮಾಡುತ್ತಾರೆ, ದೂರ ಹೋದಂತೆ ತುಂಡು ದಪ್ಪ ಆಗುತ್ತಾ ಹೋಗುತ್ತದೆ. ಆದರೂ ನೀವು ಟೈಲ್‌ನಿಂದಲೇ ಶುರು ಮಾಡಿ. ಒಂದು ಟೈಲ್‌ಗೆ ಎಷ್ಟು ದೀಪ ಬಂತು ಅನ್ನುವುದನ್ನು ಬಣ್ಣದಲ್ಲಿ ತೋರಿಸುವ ನೋಟವನ್ನು ಮೊದಲ ದಿನವೇ ಬರೆದಿಡಿ. ಕಂಬಗಳ ಅಂಚೆಲ್ಲ ಕೆಂಪಗೆ ಉರಿಯುತ್ತಿದ್ದರೆ ಕ್ಲಸ್ಟರ್‌ಗೆ ಹೋಗಿ, ಇಲ್ಲದಿದ್ದರೆ ಸುಮ್ನೆ ಕೋಡ್ ಬೆಳೆಸಬೇಡಿ.

ಪ್ರಶ್ನೆ: ನಾನೂ ಡಿಫರ್ಡ್ ಬಳಸುತ್ತೇನೆ. ಗಾಜಿನ ಕಿಟಕಿಗಳ ಮೇಲೆ ಈ ದೀಪಗಳು ಬೀಳುವುದೇ ಇಲ್ಲ. ಯಾಕೆ?

ಉತ್ತರ: ಜಿ-ಬಫರ್‌ನಲ್ಲಿ ಒಂದು ಪಿಕ್ಸೆಲ್‌ಗೆ ಒಂದೇ ಮೇಲ್ಮೈಗೆ ಜಾಗ. ಗಾಜು ಬಂದು ಕೂತರೆ ಹಿಂದಿನ ಗೋಡೆ ಅಳಿಸಿಹೋಗುತ್ತದೆ, ಅದಕ್ಕೆ ಗಾಜನ್ನು ಆಮೇಲೆ ಫಾರ್ವರ್ಡ್ ರೀತಿಯಲ್ಲೇ, ಅಂದರೆ ಬರೆಯುವಾಗಲೇ ಬೆಳಕಿನ ಲೆಕ್ಕವನ್ನೂ ಮುಗಿಸುತ್ತಾ, ಬರೆಯಬೇಕು. ಕ್ಲಸ್ಟರ್ ಪಟ್ಟಿ ಇದ್ದರೆ ಆಗ ಅದನ್ನೇ ಓದಿಕೊಳ್ಳಬಹುದು. ನಿಮ್ಮಲ್ಲಿ ಗಾಜು, ಹೊಗೆ ಜಾಸ್ತಿ ಇದ್ದರೆ ನೇರವಾಗಿ ಕ್ಲಸ್ಟರ್‌ಗೆ ಹೋಗುವುದೇ ಲೇಸು.

ಪ್ರಶ್ನೆ: ಎಲ್ಲ 200 ಪಾಯಿಂಟ್ ಲೈಟ್‌ಗೂ ನೆರಳು ಕೊಡಬಹುದಾ?

ಉತ್ತರ: ಸಾಮಾನ್ಯ ಶ್ಯಾಡೋ ಮ್ಯಾಪ್‌ನಲ್ಲಿ (ದೀಪದ ಕಡೆಯಿಂದ ದೃಶ್ಯ ಬರೆದು ಡೆಪ್ತ್ ಇಟ್ಟುಕೊಳ್ಳುವ ರೀತಿ) ಬೇಡ. ಒಂದು ಪಾಯಿಂಟ್ ಲೈಟ್‌ನ ನೆರಳಿಗೆ ಆರು ದಿಕ್ಕು, ಅಂದರೆ 200 ದೀಪಕ್ಕೆ 1,200 ಸಲ ದೃಶ್ಯ ಬರೆಯಬೇಕು. ಟೈಲ್ ಮಾಡಿದರೂ ಈ ಖರ್ಚು ಇಳಿಯಲ್ಲ. ಪರದೆಯ ಮೇಲೆ ದೊಡ್ಡದಾಗಿ ಕಾಣುವ ಕೆಲವೇ ದೀಪಗಳನ್ನು ಆರಿಸಿ ಅವಕ್ಕೆ ಮಾತ್ರ ಕೊಡಿ. ಕದಲದ ದೀಪಗಳ ನೆರಳನ್ನು ಒಮ್ಮೆ ಬರೆದು ಇಟ್ಟುಕೊಳ್ಳಿ, ಅದರ ವ್ಯಾಪ್ತಿಯೊಳಗೆ ಏನಾದರೂ ಚಲಿಸಿದಾಗಷ್ಟೇ ಮತ್ತೆ ಬರೆಯಿರಿ.